ಚರ್ಚೆ: ಧರ್ಮಾಧ್ಯಕ್ಷರನ್ನು ಬಹಿರಂಗವಾಗಿ ಪ್ರಶ್ನಿಸುವ ಶ್ರೀಸಾಮಾನ್ಯರು

ಮಿಷಿಗನ್ ವಾಸಿ:

ನಾನು ಮಂಗಳೂರು ಮೂಲದ ಕಥೋಲಿಕ. ಡೆಟ್ರಾಯಿಟ್ ಬಳಿ ನೆಲೆಸಿ ಹದಿನಾರು ವರ್ಷಗಳಾದವು. ನಮ್ಮ ಮನೆಯಿಂದ ಫರ್ನ್‌ಡೇಲ್ ಎಂಬ ಊರಿಗೆ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. 'ಚರ್ಚ್ ಮಿಲಿಟೆಂಟ್' ಎಂಬ ವಾಹಿನಿ ನಡೆಯುತ್ತಿದ್ದದ್ದು ಅಲ್ಲಿಂದ. ಅದನ್ನು ಕಟ್ಟಿದ ಮೈಕಲ್ ವೋರಿಸ್ ಗುರುದೀಕ್ಷೆ ಪಡೆದ ಪಾದ್ರಿಯಲ್ಲ, ಸನ್ಯಾಸಿಯೂ ಅಲ್ಲ. ಮೊದಲು ಟಿವಿ ವರದಿಗಾರರಾಗಿದ್ದರು. ನಮ್ಮ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಮಾತಿನಲ್ಲಿ ಹೇಳುವುದಾದರೆ ಶ್ರೀಸಾಮಾನ್ಯರು. ಅಮೆರಿಕದ ಧರ್ಮಾಧ್ಯಕ್ಷರು (ಬಿಷಪ್ಪರು) ಹೇಡಿಗಳು, ದ್ರೋಹಿಗಳು ಎಂದು ಕ್ಯಾಮೆರಾ ಮುಂದೆ ಗುಡುಗುವುದೇ ಅವರ ದಿನನಿತ್ಯದ ಕೆಲಸವಾಗಿತ್ತು. ಮೊದಲು ಅದರ ಹೆಸರು 'ರಿಯಲ್ ಕ್ಯಾಥೊಲಿಕ್ ಟಿವಿ'. ಆ ಹೆಸರಿನಲ್ಲಿ 'ಕ್ಯಾಥೊಲಿಕ್' ಎಂಬ ಪದ ಬಳಸಲು ಅನುಮತಿ ಇಲ್ಲವೆಂದು ಡೆಟ್ರಾಯಿಟ್ ಮಹಾಧರ್ಮಪ್ರಾಂತ್ಯ (ಅಲ್ಲಿಯ ಮಹಾಧರ್ಮಾಧ್ಯಕ್ಷರ ಆಡಳಿತ) 2011ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಮರುವರ್ಷ ಹೆಸರು ಬದಲಾಯಿತು. ದನಿ ಬದಲಾಗಲಿಲ್ಲ.

2019ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಒಬ್ಬ ಗುರುಗಳ ವಿರುದ್ಧ ಆ ಜಾಲತಾಣದಲ್ಲಿ ಲೇಖನವೊಂದು ಬಂತು. ಬರೆದವರ ಹೆಸರಿರಲಿಲ್ಲ, ಮಾಹಿತಿ ಕೊಟ್ಟವರ ಹೆಸರೂ ಇರಲಿಲ್ಲ. ಆ ಗುರುಗಳು ಮಾನನಷ್ಟ ಮೊಕದ್ದಮೆ ಹೂಡಿದರು. ಇದರ ನಡುವೆ 2023ರ ನವೆಂಬರಿನಲ್ಲಿ, ಸಂಸ್ಥೆಯದೇ ನೈತಿಕ ನಿಯಮವನ್ನು ಮೀರಿದ್ದಕ್ಕಾಗಿ ವೋರಿಸ್ ಸ್ಥಾನ ಬಿಟ್ಟರು. 2024ರಲ್ಲಿ ಸಂಸ್ಥೆ 5 ಲಕ್ಷ ಡಾಲರ್ ಕೊಡಲು ಒಪ್ಪಿ ಮೊಕದ್ದಮೆ ಮುಗಿಸಿಕೊಂಡಿತು. ಏಪ್ರಿಲ್ ಕೊನೆಗೆ ಬಾಗಿಲು ಹಾಕಿತು.

ನಾನು ಇದನ್ನು ದೂರದಿಂದ ಹೇಳುತ್ತಿಲ್ಲ. 2018ರ ಬೇಸಿಗೆಯಲ್ಲಿ ಅಮೆರಿಕದ ಹಿರಿಯ ಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಮಕ್ಯಾರಿಕ್ ಅವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಹೊರಬಿದ್ದಾಗ ನನ್ನ ಎದೆ ಒಡೆದಿತ್ತು. ಅಂದಿನಿಂದ ನಾಲ್ಕು ವರ್ಷ ಈ ವಾಹಿನಿಯನ್ನು ತಪ್ಪದೆ ನೋಡಿದೆ, ಹಣವನ್ನೂ ಕಳುಹಿಸಿದೆ. ಒಂದು ಭಾನುವಾರ ಧರ್ಮಾಧ್ಯಕ್ಷರ ಪತ್ರವನ್ನು ಪೂಜೆಯಲ್ಲಿ ಓದುತ್ತಿದ್ದಾಗ ನಾನು ಎದ್ದು ಹೊರಗೆ ಹೋದೆ. ನನ್ನ ಮಗಳು ಕಾರಿನ ಬಳಿ ಬಂದು, 'ಅವರು ಏನು ತಪ್ಪು ಹೇಳಿದರು?' ಎಂದು ಕೇಳಿದಳು. ಪತ್ರದಲ್ಲಿ ಏನಿತ್ತು ಎಂಬುದನ್ನೇ ನಾನು ಕೇಳಿಸಿಕೊಂಡಿರಲಿಲ್ಲ. ಇಂಥ ಕೆಲಸ ಮೊದಲಿನಿಂದಲೇ ತಪ್ಪೇ, ಅಥವಾ ಮಾಡಿದ ರೀತಿ ಮಾತ್ರ ತಪ್ಪೇ? ನಿಮ್ಮ ಅಭಿಪ್ರಾಯ ತಿಳಿಸಿ.

ಉಪದೇಶಿ:

ಮಿಷಿಗನ್ ಸೋದರರೇ, ನಿಮ್ಮ ಮಗಳ ಪ್ರಶ್ನೆಯಲ್ಲೇ ಉತ್ತರ ಇದೆ. ಮೂವತ್ತೊಂದು ವರ್ಷಗಳಿಂದ ಹಳ್ಳಿಯ ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಧರ್ಮಾಧ್ಯಕ್ಷರು ಯೇಸುವಿನ ಮೊದಲ ಶಿಷ್ಯರಾದ ಪ್ರೇಷಿತರ ಉತ್ತರಾಧಿಕಾರಿಗಳು. ಅವರು ಪರಿಪೂರ್ಣರು ಎಂದು ನಾನು ಎಂದೂ ಕಲಿಸಿಲ್ಲ. ಪೇತ್ರನೇ ಮೂರು ಬಾರಿ ಪ್ರಭುವನ್ನು ಅಲ್ಲಗಳೆದವನು. ಆದರೆ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕ್ರಮವೇನು? ನಿನ್ನ ಸೋದರ ತಪ್ಪು ಮಾಡಿದರೆ ಅವನೊಬ್ಬನೇ ಇರುವಾಗ ಹೋಗಿ ತಿಳಿಹೇಳು. ಯೂಟ್ಯೂಬಿನಲ್ಲಿ ಹೇಳು ಎನ್ನಲಿಲ್ಲ. ಗುರುಗಳ ಬಗ್ಗೆ ಕೀಳಾಗಿ ಮಾತನಾಡುವ ಮನೆಯ ಮಕ್ಕಳು ಮೊದಲು ಪಾಪನಿವೇದನೆಯನ್ನು ಬಿಡುತ್ತಾರೆ, ನಂತರ ಪೂಜೆಯನ್ನು ಬಿಡುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾರೋಬೆಲೆಯ ಮಗಳು:

ಉಪದೇಶಿಗಳೇ, ನಮಸ್ಕಾರ. ನಾನೂ ಶಿಕ್ಷಕಿ, ಈಗ ನಿವೃತ್ತೆ. ಕಪಾಲಬೆಟ್ಟದ ನೆರಳಿನಲ್ಲಿ ಬೆಳೆದವಳು. ಗುರುಗಳನ್ನು 'ಸ್ವಾಮಿ' ಎಂದು ಕರೆದು ಕೈಮುಗಿಯುವ ಮನೆ ನಮ್ಮದು. ಆದರೂ ಆ ವಾಕ್ಯವನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಒಬ್ಬನೇ ಇರುವಾಗ ಹೇಳು. ಕೇಳದಿದ್ದರೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗು. ಅವರಿಗೂ ಕಿವಿಗೊಡದಿದ್ದರೆ ಸಭೆಗೆ ತಿಳಿಸು. ಮೂರನೆಯ ಮೆಟ್ಟಿಲೂ ಪ್ರಭುವಿನದೇ ಮಾತು.

ಬಾಸ್ಟನ್ನಿನಲ್ಲಿ ಆದದ್ದೇನು? ಜಾನ್ ಗೇಗನ್ ಎಂಬ ಗುರುವಿನಿಂದ ತಾವು ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದೆವು ಎಂದು ಮುಂದೆ ಬಂದವರು 130ಕ್ಕೂ ಹೆಚ್ಚು ಮಂದಿ. ತಾಯಂದಿರು ಮೊದಲೇ ಗುಟ್ಟಾಗಿ ಹೋಗಿ ಹೇಳಿದ್ದರು, ಪತ್ರ ಬರೆದಿದ್ದರು. ಮೊದಲ ಮೆಟ್ಟಿಲನ್ನೂ ಎರಡನೆಯದನ್ನೂ ಹತ್ತಿ ಮುಗಿಸಿದ್ದರು. ಆ ಗುರುವನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿದರೇ ಹೊರತು ಮಕ್ಕಳಿಂದ ದೂರ ಇಡಲಿಲ್ಲ. 2002ರ ಜನವರಿ 6ರಂದು 'ಬಾಸ್ಟನ್ ಗ್ಲೋಬ್' ಪತ್ರಿಕೆ ಇದನ್ನು ಮುಖಪುಟದಲ್ಲಿ ಹಾಕಿತು. ವರದಿಗಾರರಲ್ಲಿ ಹಲವರು ಕಥೋಲಿಕ ಮನೆಗಳಲ್ಲೇ ಬೆಳೆದವರು. ಡಿಸೆಂಬರಿನಲ್ಲಿ ಆ ಮಹಾಧರ್ಮಪ್ರಾಂತ್ಯದ 58 ಗುರುಗಳು ಸಹಿ ಹಾಕಿ ತಮ್ಮದೇ ಕಾರ್ಡಿನಲ್ ರಾಜೀನಾಮೆ ಕೊಡಬೇಕೆಂದು ಕೇಳಿದರು. ಅದೇ ತಿಂಗಳ 13ರಂದು ಕಾರ್ಡಿನಲ್ ಬರ್ನಾರ್ಡ್ ಲಾ ಹುದ್ದೆ ಬಿಟ್ಟರು. ಮುಂದೆ 2004ರಲ್ಲಿ ಅವರಿಗೆ ರೋಮಿನ ಸಾಂತಾ ಮರಿಯಾ ಮಜೋರೆ ಮಹಾದೇವಾಲಯದ ಹೊಣೆ ಕೊಡಲಾಯಿತು. ಆ ಸುದ್ದಿ ಓದಿದ ದಿನ ನಾನು ಅತ್ತೆ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಊರಿಗೆ ಕೂಗಿ ಹೇಳಿದವರು ಪಾಪ ಮಾಡಿದರು ಎಂದು ಆ ತಾಯಂದಿರ ಮುಂದೆ ನೀವು ಹೇಳಬಲ್ಲಿರಾ?

ಉಪದೇಶಿ:

ಹೇಳಲಾರೆ, ಅಮ್ಮ. ಮಕ್ಕಳ ಮೇಲಿನ ದೌರ್ಜನ್ಯ ಪೊಲೀಸರಿಗೆ ಹೋಗಬೇಕಾದ ವಿಷಯ. ನಾನು ಹೇಳುತ್ತಿರುವುದು ಬೇರೆ. ಧರ್ಮಾಧ್ಯಕ್ಷರು ಪೂಜಾವಿಧಿಯ ಬಗ್ಗೆ ಒಂದು ಸುತ್ತೋಲೆ ಕಳುಹಿಸಿದರೆ, ಯಾವುದೋ ಸಭೆಯಲ್ಲಿ ಯಾರದೋ ಪಕ್ಕದಲ್ಲಿ ಕುಳಿತರೆ, ಅದಕ್ಕೂ ಒಂದು ಗಂಟೆಯ ಕಾರ್ಯಕ್ರಮ ಮಾಡಿ ಅವರನ್ನು ಯೇಸುವನ್ನು ಹಿಡಿದುಕೊಟ್ಟ ಯೂದನಿಗೆ ಹೋಲಿಸುವವರ ಬಗ್ಗೆ.

ಶಿವಮೊಗ್ಗದ ವಕೀಲ:

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಮುಂದಿಡುತ್ತೇನೆ. ನಾನು ಸಿವಿಲ್ ವಕೀಲ. ಧರ್ಮಸಭೆಯ ಕಾನೂನನ್ನು ಆಸಕ್ತಿಯಿಂದ ಓದಿದವನು. 1983ರ ಸಂಹಿತೆಯ 212ನೇ ವಿಧಿಗೆ ಮೂರು ಭಾಗಗಳಿವೆ. ಒಂದು, ಗುರುಪಾಲಕರು, ಅಂದರೆ ಮುಖ್ಯವಾಗಿ ಧರ್ಮಾಧ್ಯಕ್ಷರು, ವಿಶ್ವಾಸದ ಬೋಧಕರಾಗಿ ಹೇಳಿದ್ದಕ್ಕೆ ವಿಧೇಯರಾಗಿರಬೇಕು. ಎರಡು, ನಮ್ಮ ಅಗತ್ಯಗಳನ್ನೂ ಬಯಕೆಗಳನ್ನೂ ಅವರಿಗೆ ತಿಳಿಸುವ ಸ್ವಾತಂತ್ರ್ಯ ನಮಗಿದೆ. ಮೂರನೆಯದೇ ಇಲ್ಲಿಯ ವಿಷಯ: ತಮಗಿರುವ ತಿಳಿವಳಿಕೆ, ಸಾಮರ್ಥ್ಯ, ಸ್ಥಾನಕ್ಕೆ ತಕ್ಕಂತೆ, ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ವಿಷಯಗಳಲ್ಲಿ ಪಾಲಕರಿಗೆ ಅಭಿಪ್ರಾಯ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ವಿಶ್ವಾಸಿಗಳಿಗೆ ಇದೆ. ಅಷ್ಟೇ ಅಲ್ಲ, ಉಳಿದ ವಿಶ್ವಾಸಿಗಳಿಗೂ ಅದನ್ನು ತಿಳಿಸಬಹುದು. ಅಂದರೆ ಬಹಿರಂಗವಾಗಿ ಹೇಳುವುದು ತನ್ನಷ್ಟಕ್ಕೆ ಅಪರಾಧವಲ್ಲ. ಷರತ್ತುಗಳಿವೆ: ವಿಶ್ವಾಸಕ್ಕೂ ನೀತಿಗೂ ಧಕ್ಕೆಯಾಗಬಾರದು, ಪಾಲಕರ ಬಗ್ಗೆ ಗೌರವವಿರಬೇಕು, ಎಲ್ಲರ ಹಿತವೂ ವ್ಯಕ್ತಿಯ ಘನತೆಯೂ ಗಮನದಲ್ಲಿರಬೇಕು.

ಇನ್ನೊಂದು ತುದಿಯಲ್ಲಿ 1373ನೇ ವಿಧಿ. ಪೋಪರ ಪೀಠದ ಅಥವಾ ಧರ್ಮಾಧ್ಯಕ್ಷರಂಥ ಅಧಿಕಾರಿಗಳ ವಿರುದ್ಧ, ಅವರು ಅಧಿಕಾರದಿಂದ ಕೈಗೊಂಡ ಕ್ರಮವೊಂದರ ಕಾರಣಕ್ಕೆ, ಬಹಿರಂಗವಾಗಿ ದ್ವೇಷ ಕೆರಳಿಸುವವರಿಗೆ ಶಿಕ್ಷೆಯುಂಟು. ಈ ಎರಡು ವಿಧಿಗಳ ನಡುವಿನ ಗೆರೆಯನ್ನು ಎಳೆಯುವವರು ಬಹುಮಟ್ಟಿಗೆ ಧರ್ಮಾಧ್ಯಕ್ಷರೇ. ಟೀಕೆಗೆ ಗುರಿಯಾದವರೇ ಟೀಕೆಯ ಮೇಲೆ ತೀರ್ಪು ಕೊಡುವ ಸ್ಥಿತಿ ಉಂಟಾಗುತ್ತದೆ. ವಕೀಲನಾಗಿ ನನಗೆ ಇದು ಸಮಾಧಾನ ಕೊಡುವುದಿಲ್ಲ.

ಪತ್ರಿಕೆಯ ಹಳಬ:

ಗೆರೆ ಎಳೆಯುವುದು ಎಷ್ಟು ಕಷ್ಟ ಎನ್ನುವುದಕ್ಕೆ ಅಮೆರಿಕದ್ದೇ ಒಂದು ಹಳೆಯ ಪ್ರಸಂಗವಿದೆ. 1964ರಲ್ಲಿ ಕಾನ್ಸಸ್ ಸಿಟಿಯಲ್ಲಿ ರಾಬರ್ಟ್ ಹೊಯ್ಟ್ ಎಂಬ ಶ್ರೀಸಾಮಾನ್ಯ ಸಂಪಾದಕರು 'ನ್ಯಾಷನಲ್ ಕ್ಯಾಥೊಲಿಕ್ ರಿಪೋರ್ಟರ್' ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಇದು ಉದಾರವಾದಿ ಪತ್ರಿಕೆ, ಚರ್ಚ್ ಮಿಲಿಟೆಂಟಿನ ನೇರ ಎದುರುದಿಕ್ಕು. 1968ರಲ್ಲಿ ಅಲ್ಲಿಯ ಧರ್ಮಾಧ್ಯಕ್ಷ ಚಾರ್ಲ್ಸ್ ಹೆಲ್ಮ್‌ಸಿಂಗ್ ಈ ಪತ್ರಿಕೆಯನ್ನು ಖಂಡಿಸಿ, ಹೆಸರಿನಿಂದ 'ಕ್ಯಾಥೊಲಿಕ್' ಪದವನ್ನು ತೆಗೆಯಿರಿ ಎಂದರು. ಪತ್ರಿಕೆ ಒಪ್ಪಲಿಲ್ಲ.

ಮುಂದೇನಾಯಿತು ಗೊತ್ತೇ? 1985ರ ಜೂನಿನಲ್ಲಿ ಇದೇ ಪತ್ರಿಕೆ ಜೇಸನ್ ಬೆರಿ ಎಂಬ ಕಥೋಲಿಕ ಪತ್ರಕರ್ತರ ವರದಿಯನ್ನು ಪ್ರಕಟಿಸಿತು. ಲೂಸಿಯಾನದ ಒಬ್ಬ ಗುರು ಮಕ್ಕಳ ಮೇಲೆ ದೌರ್ಜನ್ಯ ಎಸಗಿದ್ದನ್ನೂ ಧರ್ಮಪ್ರಾಂತ್ಯ ಅದನ್ನು ಮುಚ್ಚಿಟ್ಟದ್ದನ್ನೂ ದೇಶದ ಮುಂದಿಟ್ಟ ವರದಿ ಅದು. ಬಾಸ್ಟನ್ ವರದಿಗಿಂತ ಸುಮಾರು ಹದಿನೇಳು ವರ್ಷ ಮೊದಲು. ಆ ದಿನ ಧರ್ಮಾಧ್ಯಕ್ಷರೆಲ್ಲ ಆ ಪುಟಗಳನ್ನು ಪಕ್ಷಪಾತವಿಲ್ಲದೆ ಓದಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ! ಅದು ನಮ್ಮ ವಿರೋಧಿಗಳ ಪತ್ರಿಕೆ ಎಂದು ಎಷ್ಟೋ ಜನ ಮಡಚಿಟ್ಟರು.

ಹೆಸರು ತೆಗೆಯಿರಿ ಎಂಬ ಮಾತು 1968ರಲ್ಲೂ ಬಂತು, 2011ರಲ್ಲೂ ಬಂತು. ಒಂದು ಕಡೆ ಆ ಮಾತು ಕೇಳಿಸಿಕೊಂಡವರು ಮುಂದೆ ಧರ್ಮಸಭೆಗೇ ಬೇಕಾಗಿದ್ದ ಸತ್ಯವನ್ನು ಹೊರತಂದರು. ಇನ್ನೊಂದು ಕಡೆ ಕೇಳಿಸಿಕೊಂಡವರು ಹೆಸರಿಲ್ಲದ ಲೇಖನದಿಂದ ಒಬ್ಬ ಗುರುಗಳ ಮಾನ ಕಳೆದರು. ಆದ್ದರಿಂದ ಧರ್ಮಾಧ್ಯಕ್ಷರ ಅನುಮತಿ ಇದೆಯೇ ಇಲ್ಲವೇ ಎಂಬುದರಿಂದ ಟೀಕಾಕಾರನ ಯೋಗ್ಯತೆ ಗೊತ್ತಾಗುವುದಿಲ್ಲ. ಅವನು ಬಲಪಂಥೀಯನೋ ಎಡಪಂಥೀಯನೋ ಎಂಬುದರಿಂದಲೂ ಗೊತ್ತಾಗುವುದಿಲ್ಲ. ನಾನು ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕೂತು ಕಲಿತ ಅಳತೆ ಬೇರೆ. ಹೆಸರು ಹಾಕಿ ಬರೆದಿದ್ದಾನೆಯೇ? ಕಾಗದಪತ್ರ ಇದೆಯೇ? ಎದುರಿನವರಿಗೆ ಉತ್ತರಿಸಲು ಸಮಯ ಕೊಟ್ಟಿದ್ದಾನೆಯೇ? ತಪ್ಪಾದರೆ ಅದೇ ಜಾಗದಲ್ಲಿ ತಿದ್ದುಪಡಿ ಹಾಕುತ್ತಾನೆಯೇ?

ಬಾಸ್ಟನ್ನಿನ ತಂಡ ಮೊದಲ ವರದಿಗಾಗಿ ಸುಮಾರು ಐದು ತಿಂಗಳು ದುಡಿಯಿತು, ಮುಚ್ಚಿಟ್ಟ ಕಡತಗಳನ್ನು ತೆರೆಸಲು ಪತ್ರಿಕೆ ನ್ಯಾಯಾಲಯಕ್ಕೆ ಹೋಯಿತು. ದಿನವೂ ಕಾರ್ಯಕ್ರಮ ಕೊಡಬೇಕಾದ ವ್ಯಾಖ್ಯಾನಕಾರನಿಗೆ ಐದು ತಿಂಗಳು ಎಲ್ಲಿ ಸಿಗಬೇಕು? ಅವನಿಗೆ ಪ್ರತಿ ಸಂಜೆ ಒಬ್ಬ ಹೊಸ ಅಪರಾಧಿ ಬೇಕು. ನೋಡುಗರ ಸಿಟ್ಟು ಆರಿದರೆ ಚಂದಾ ನಿಲ್ಲುತ್ತದೆ. ಈ ಒತ್ತಡ ಒಳ್ಳೆಯ ಮನುಷ್ಯನನ್ನೂ ಕೆಡಿಸುತ್ತದೆ.

ಧಾರವಾಡದ ಓದುಗ:

ನಾನು ನಿಮ್ಮ ಧರ್ಮದವನಲ್ಲ, ಆದರೆ ಓದುತ್ತಾ ಹೋದಂತೆ ನಮ್ಮ ಕಡೆಯ ಮಠಗಳ ವಿಷಯದಲ್ಲೂ ಇದೇ ಪೇಚಾಟ ನೆನಪಾಯಿತು. ಸ್ವಾಮೀಜಿಯವರ ವಿರುದ್ಧ ಮಾತನಾಡಿದರೆ ಮಠದ ದ್ರೋಹಿ, ಮಾತನಾಡದಿದ್ದರೆ ಭಕ್ತರ ದ್ರೋಹಿ. ಒಂದು ಅನುಮಾನ: ಧರ್ಮಾಧ್ಯಕ್ಷರನ್ನು ಕೆಳಗಿನವರು ಆರಿಸುವುದಿಲ್ಲ, ಇಳಿಸಲೂ ಆಗುವುದಿಲ್ಲ. ಹಾಗಿದ್ದಾಗ ಮಾತು ಬಿಟ್ಟರೆ ನಿಮ್ಮ ಕೈಯಲ್ಲಿ ಬೇರೆ ಏನಿದೆ?

ಧ್ವನಿ:

ಧಾರವಾಡದ ಸರ್ ಒಂದೇ ಸಾಲಿನಲ್ಲಿ ನನ್ನ ನೋವನ್ನು ಹೇಳಿದ್ದಾರೆ. ನಾನು ಚಿಕ್ಕದೊಂದು ಯೂಟ್ಯೂಬ್ ವಾಹಿನಿ ನಡೆಸುತ್ತೇನೆ, ಕನ್ನಡದಲ್ಲಿ. ನಮ್ಮ ಧರ್ಮಕೇಂದ್ರದ ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ನಾಲ್ಕು ವರ್ಷಗಳಿಂದ ಲೆಕ್ಕ ಓದಿಲ್ಲ. ಪಾಲನಾ ಸಮಿತಿಯಲ್ಲಿ ಕೇಳಿದೆ; ಮುಂದಿನ ಸಭೆಗೆ ಎಂದರು. ಧರ್ಮಾಧ್ಯಕ್ಷರಿಗೆ ಮೂರು ಪತ್ರ ಬರೆದೆ. ತಲುಪಿತು ಎಂಬ ಒಂದು ಸಾಲೂ ಬರಲಿಲ್ಲ. ವಿಡಿಯೊ ಹಾಕಿದ ಮೂರನೇ ದಿನ ಕಚೇರಿಯಿಂದ ಫೋನ್ ಬಂತು. ವಿಷಯ ಏನೆಂದು ಕೇಳಲು ಅಲ್ಲ, ತೆಗೆಯಿರಿ ಎನ್ನಲು.

ಗೌರವದಿಂದ ಮಾತನಾಡಿ ಎಂದು ಎಲ್ಲರೂ ನನಗೆ ಹೇಳುತ್ತಾರೆ. ಗೌರವದಿಂದ ಬರೆದ ಮೂರು ಪತ್ರಗಳು ಇಂದಿಗೂ ನನ್ನ ಬಳಿ ಇವೆ. ಒಂದಕ್ಕಾದರೂ ಉತ್ತರ ಬಂದಿದ್ದರೆ ನಾನು ಕ್ಯಾಮೆರಾ ಕೊಳ್ಳುತ್ತಿರಲಿಲ್ಲ.

ಹಾರೋಬೆಲೆಯ ಮಗಳು:

ತಮ್ಮಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇನ್ನೊಂದು ಮನೆಯ ನೋವನ್ನೂ ಕೇಳಿ. ನಾನು ಕೆಲಸ ಮಾಡಿದ ಊರೊಂದರಲ್ಲಿ ಗುರುಗಳೊಬ್ಬರು ಶಾಲೆಯ ಹಣದಲ್ಲಿ ತಮ್ಮನಿಗೆ ಮನೆ ಕಟ್ಟಿಸಿಕೊಟ್ಟರು, ಧರ್ಮಾಧ್ಯಕ್ಷರಿಗೆ ಪಾಲು ಸಿಕ್ಕಿದೆ ಎಂದು ಯಾರೋ ವಿಡಿಯೊ ಮಾಡಿ ಮೊಬೈಲಿನಲ್ಲಿ ಹರಿಬಿಟ್ಟರು. ಮನೆ ಇದ್ದದ್ದು ನಿಜ. ಅದನ್ನು ಆ ತಮ್ಮ ಬ್ಯಾಂಕ್ ಸಾಲ ತೆಗೆದು ಕಟ್ಟಿಸಿದ್ದ. ಕಾಗದಗಳನ್ನು ಸಮಿತಿಯ ಮುಂದೆ ಇಟ್ಟರು, ನಾನೂ ಆ ಸಮಿತಿಯಲ್ಲಿದ್ದೆ. ಆದರೆ ವಿಡಿಯೊ ನೋಡಿದವರು ಸಾವಿರಾರು, ಕಾಗದ ನೋಡಿದವರು ಒಂಬತ್ತು ಜನ. ಗುರುಗಳ ತಾಯಿಗೆ ಎಂಬತ್ತು ವರ್ಷ ದಾಟಿತ್ತು. ಸಂತೆಯಲ್ಲಿ ಯಾರೋ ಏನೋ ಅಂದರಂತೆ. ಅಂದಿನಿಂದ ಸಾಯುವವರೆಗೆ ಆಕೆ ಭಾನುವಾರದ ಪೂಜೆಗೆ ಬರಲಿಲ್ಲ. ಪರಮಪ್ರಸಾದವನ್ನು ಮನೆಗೇ ತೆಗೆದುಕೊಂಡು ಹೋಗಿ ಕೊಡುತ್ತಿದ್ದೆವು. ಆ ವಿಡಿಯೊ ಇನ್ನೂ ಇದೆ.

ಬಾಸ್ಟನ್ನಿನ ತಾಯಂದಿರಿಗಾಗಿ ಮೇಲೆ ವಾದ ಮಾಡಿದ ನನಗೆ ಈ ತಾಯಿಯನ್ನು ಬಿಟ್ಟುಕೊಡಲು ಆಗುವುದಿಲ್ಲ.

ಮಿಷಿಗನ್ ವಾಸಿ:

ಟೀಚರ್, ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾನು ಹಣ ಕಳುಹಿಸಿದ ವಾಹಿನಿ ನ್ಯೂ ಹ್ಯಾಂಪ್‌ಶೈರಿನ ಗುರುಗಳಿಗೆ ಮಾಡಿದ್ದೂ ಇದನ್ನೇ.

ಇಲ್ಲಿಯ ಇನ್ನೊಂದು ವಾಹಿನಿಯ ಕಥೆ ಇಷ್ಟು ಸರಳವಲ್ಲ. ಮದರ್ ಆಂಜೆಲಿಕಾ ಎಂಬ ಸನ್ಯಾಸಿನಿ 1981ರಲ್ಲಿ ಅಲಬಾಮದ ಐರನ್‌ಡೇಲಿನಲ್ಲಿ, ಮಠದ ಗ್ಯಾರೇಜಿನಲ್ಲಿ 'ಇಡಬ್ಲ್ಯೂಟಿಎನ್' ಆರಂಭಿಸಿದರು. ಇಂದು ಅದು ಜಗತ್ತಿನಾದ್ಯಂತ ಕಾಣುವ ವಾಹಿನಿ. 1997ರಲ್ಲಿ ಲಾಸ್ ಏಂಜಲೀಸಿನ ಕಾರ್ಡಿನಲ್ ಮಹೋನಿ ಪೂಜಾವಿಧಿಯ ಬಗ್ಗೆ ಪತ್ರ ಹೊರಡಿಸಿದಾಗ, ಆ ಧರ್ಮಪ್ರಾಂತ್ಯದಲ್ಲಿ ತಾನಿದ್ದರೆ ತನ್ನ ವಿಧೇಯತೆ ಶೂನ್ಯವಾಗಿರುತ್ತಿತ್ತು ಎಂದು ಆಕೆ ನೇರಪ್ರಸಾರದಲ್ಲೇ ಹೇಳಿಬಿಟ್ಟರು. ಆಮೇಲೆ ತೆರೆಯ ಮೇಲೆ ಕ್ಷಮೆ ಕೇಳಿದರೂ ಆ ಪತ್ರದ ಬಗೆಗಿನ ಆಕ್ಷೇಪವನ್ನು ಬಿಡಲಿಲ್ಲ. 2000ದಲ್ಲಿ ರೋಮ್ ತನಿಖಾಧಿಕಾರಿಯನ್ನು ಕಳುಹಿಸಿತು. ಅದೇ ವರ್ಷ ಆಕೆ ಅಧಿಕಾರ ಬಿಟ್ಟು ವಾಹಿನಿಯನ್ನು ಶ್ರೀಸಾಮಾನ್ಯರ ಆಡಳಿತ ಮಂಡಳಿಗೆ ಒಪ್ಪಿಸಿದರು. ಯಾವ ಧರ್ಮಾಧ್ಯಕ್ಷರ ಕೈಗೂ ಅದು ಸಿಗಲಿಲ್ಲ.

ಈಗ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2021ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯಾದಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳೊಂದಿಗೆ ಮಾತನಾಡುತ್ತಾ ಪೋಪ್ ಫ್ರಾನ್ಸಿಸ್, ದೊಡ್ಡ ಕಥೋಲಿಕ ವಾಹಿನಿಯೊಂದು ಪೋಪರ ಬಗ್ಗೆ ಸದಾ ಕೆಟ್ಟದ್ದನ್ನೇ ಆಡುತ್ತದೆ, ತಾನು ಪಾಪಿ, ತನಗೆ ಬೈಗುಳ ತಕ್ಕದ್ದೇ ಇರಬಹುದು, ಆದರೆ ಧರ್ಮಸಭೆಗೆ ಅದು ತಕ್ಕದ್ದಲ್ಲ, ಇದು ಸೈತಾನನ ಕೆಲಸ ಎಂದರು. ಹೆಸರು ಹೇಳಲಿಲ್ಲ, ಎಲ್ಲರೂ ಈ ವಾಹಿನಿಯೆಂದೇ ಅರ್ಥಮಾಡಿಕೊಂಡರು. ಎರಡು ತಿಂಗಳ ನಂತರ, ನವೆಂಬರ್ 13ರಂದು, ಅದೇ ಫ್ರಾನ್ಸಿಸ್ ಇಬ್ಬರು ಹಿರಿಯ ವ್ಯಾಟಿಕನ್ ವರದಿಗಾರರನ್ನು ಗೌರವಿಸುತ್ತಾ, ಧರ್ಮಸಭೆಯಲ್ಲಿ ಏನು ಕೆಟ್ಟಿದೆ ಎಂದು ನಮಗೆ ಹೇಳುವುದಕ್ಕಾಗಿ, ಅದನ್ನು ಕಂಬಳಿಯಡಿ ಗುಡಿಸಿಡದಂತೆ ಮಾಡಿದ್ದಕ್ಕಾಗಿ, ದೌರ್ಜನ್ಯಕ್ಕೆ ಒಳಗಾದವರಿಗೆ ದನಿ ಕೊಟ್ಟಿದ್ದಕ್ಕಾಗಿ ಧನ್ಯವಾದ ಎಂದರು. ಮೊದಲು ನನಗೆ ಇದು ಇಬ್ಬಂದಿತನದಂತೆ ಕಂಡಿತ್ತು. ಹಳಬರ ನಾಲ್ಕು ಪ್ರಶ್ನೆಗಳನ್ನು ಓದಿದ ಮೇಲೆ ಹಾಗೆ ಕಾಣುತ್ತಿಲ್ಲ.

ಉಪದೇಶಿ:

ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಗುಟ್ಟಾಗಿ ಹೇಳಿದ್ದಕ್ಕೆ ಕಿವಿಗೊಡದಿದ್ದರೆ ಸಭೆಗೆ ಹೇಳಬೇಕು ಎಂಬುದನ್ನು ಒಪ್ಪಿದೆ. ಆದರೆ ಸಿಯೆನಾದ ಸಂತ ಕ್ಯಾಥರೀನಳನ್ನು ನೆನೆಯಿರಿ. ಆಕೆ ಬಟ್ಟೆಗೆ ಬಣ್ಣ ಹಾಕುವವನ ಮಗಳು. ಪೋಪ್ ಹನ್ನೊಂದನೇ ಗ್ರೆಗೊರಿ ರೋಮ್ ಬಿಟ್ಟು ಈಗಿನ ಫ್ರಾನ್ಸಿನ ಆವಿನ್ಯೋನ್‌ನಲ್ಲಿ ಕುಳಿತಿದ್ದಾಗ ಗಂಡಸಾಗಿ ನಿಲ್ಲಿ, ಹಿಂತಿರುಗಿ ಬನ್ನಿ ಎಂದು ಬರೆದಳು. 1376ರಲ್ಲಿ ತಾನೇ ಅಲ್ಲಿಗೆ ಹೋದಳು. ಅಷ್ಟು ಕಠಿಣವಾಗಿ ಬರೆದಾಗಲೂ ಪೋಪರನ್ನು ಪ್ರೀತಿಯ ತಂದೆ ಎಂದೇ ಕರೆದಳು. ಈಗಿನವರ ಬಾಯಲ್ಲಿ ಆ 'ತಂದೆ' ಎಲ್ಲಿ?

ಪತ್ರಿಕೆಯ ಹಳಬ:

ಒಪ್ಪಿದೆ, ಮಾಸ್ಟರ್. ಮೈಕಲ್ ವೋರಿಸರ ಬಾಯಲ್ಲಿ ಅದು ಇರಲಿಲ್ಲ. ಆದರೆ ಗೌರವದ ಮಾತನ್ನು ಬಾಯಿ ಮುಚ್ಚಿಸಲು ಬಳಸುವುದನ್ನೂ ನಾವು ನೋಡಿದ್ದೇವೆ. ಇಂಗ್ಲೆಂಡಿನ ಗುರು ಜಾನ್ ಹೆನ್ರಿ ನ್ಯೂಮನ್ ಅತ್ಯಂತ ಮೃದುವಾದ ಭಾಷೆಯಲ್ಲಿ ಬರೆದವರು. 1859ರಲ್ಲಿ ಅವರು ಹೇಳಿದ್ದು ಇಷ್ಟು: ನಾಲ್ಕನೇ ಶತಮಾನದಲ್ಲಿ ಯೇಸು ದೇವರಿಗೆ ಸಮಾನನಲ್ಲ ಎಂಬ ಆರಿಯಸನ ಪಾಷಂಡವಾದ ಹರಡಿದಾಗ ಎಷ್ಟೋ ಧರ್ಮಾಧ್ಯಕ್ಷರು ಎಡವಿದರು, ವಿಶ್ವಾಸವನ್ನು ಹಿಡಿದು ನಿಂತವರು ಸಾಮಾನ್ಯ ಜನ, ಆದ್ದರಿಂದ ಜನರ ಮಾತನ್ನೂ ಕೇಳಬೇಕು. ಇಷ್ಟಕ್ಕೆ ಒಬ್ಬ ಧರ್ಮಾಧ್ಯಕ್ಷರು ಅವರ ಮೇಲೆ ರೋಮಿಗೆ ದೂರು ಕೊಟ್ಟರು. ವರ್ಷಗಟ್ಟಲೆ ಅನುಮಾನದ ನೆರಳು ಅವರನ್ನು ಬಿಡಲಿಲ್ಲ. 2019ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಪೋಪ್ ಹನ್ನೆರಡನೇ ಪಯಸ್ ಕೂಡ 1950ರಲ್ಲಿ ಕಥೋಲಿಕ ಪತ್ರಕರ್ತರಿಗೆ, ಧರ್ಮಸಭೆಯೊಳಗೆ ಸಾರ್ವಜನಿಕ ಅಭಿಪ್ರಾಯ ಇಲ್ಲದಿದ್ದರೆ ಅದು ಕೊರತೆ, ಆ ಕೊರತೆಯ ಹೊಣೆ ಪಾಲಕರದೂ ಹೌದು ವಿಶ್ವಾಸಿಗಳದೂ ಹೌದು ಎಂದು ಹೇಳಿದ್ದರು. ಆತ ಕ್ರಾಂತಿಕಾರಿಯೇನಲ್ಲ.

ಕರ್ನಾಟಕದಲ್ಲೇ ನೋಡಿ. ಮೈಸೂರು ಧರ್ಮಪ್ರಾಂತ್ಯದ 37 ಗುರುಗಳು 2019ರಲ್ಲಿ ತಮ್ಮ ಧರ್ಮಾಧ್ಯಕ್ಷರ ಬಗ್ಗೆ ಪೋಪರಿಗೆ ಪತ್ರ ಬರೆದರು. ಧರ್ಮಾಧ್ಯಕ್ಷರು ಆರೋಪಗಳನ್ನು ಅಲ್ಲಗಳೆದರು. ರೋಮ್ ಅವರನ್ನು ರಜೆಯ ಮೇಲೆ ಕಳುಹಿಸಿ ಆಡಳಿತಾಧಿಕಾರಿಯನ್ನು ನೇಮಿಸಿದ್ದು 2023ರ ಜನವರಿಯಲ್ಲಿ. ಆ ನಡುವಿನ ಮೂರು ವರ್ಷಗಳಿಗೂ ಹೆಚ್ಚಿನ ಕಾಲದಲ್ಲಿ ವಿಶ್ವಾಸಿಗಳಿಗೆ ಅಧಿಕೃತವಾಗಿ ಏನು ತಿಳಿಸಲಾಯಿತು? ಮೌನ ಇದ್ದ ಕಡೆ ಗಾಳಿಸುದ್ದಿ ಬಂದು ಕೂರುತ್ತದೆ. ಅದರಿಂದ ಧರ್ಮಾಧ್ಯಕ್ಷರಿಗೂ ಅನ್ಯಾಯ, ದೂರು ಕೊಟ್ಟವರಿಗೂ ಅನ್ಯಾಯ.

ಹಾರೋಬೆಲೆಯ ಮಗಳು:

ಪ್ರೀತಿಯಿಂದಲೇ ಬಹಿರಂಗಪಡಿಸಿದ ಒಬ್ಬ ಹೆಣ್ಣುಮಗಳಿದ್ದಾಳೆ. ನ್ಯೂಯಾರ್ಕ್ ರಾಜ್ಯದ ಬಫಲೊ ಧರ್ಮಾಧ್ಯಕ್ಷ ರಿಚರ್ಡ್ ಮಲೋನ್ ಅವರ ಕಾರ್ಯದರ್ಶಿಯಾಗಿದ್ದ ಶಿವಾನ್ ಓಕಾನರ್. ಆರೋಪ ಹೊತ್ತ ಗುರುಗಳ ಕಡತಗಳನ್ನು ಕಂಡು, ಪ್ರತಿ ಮಾಡಿ 2018ರಲ್ಲಿ ಸ್ಥಳೀಯ ಟಿವಿ ವರದಿಗಾರರಿಗೆ ಕೊಟ್ಟರು, ನಂತರ ತಮ್ಮ ಹೆಸರು ಹೇಳಿಕೊಂಡು ಮುಂದೆ ಬಂದರು. ಯಾರನ್ನೂ ಬೈಯಲಿಲ್ಲ, ಕಾಗದವನ್ನು ಮುಂದಿಟ್ಟರು. 2019ರ ಡಿಸೆಂಬರಿನಲ್ಲಿ ಧರ್ಮಾಧ್ಯಕ್ಷರ ರಾಜೀನಾಮೆ ಅಂಗೀಕಾರವಾಯಿತು. ಉಪದೇಶಿಗಳು ಕೇಳಿದ ಗೌರವವೂ ಹಳಬರು ಕೇಳಿದ ಪುರಾವೆಯೂ ಒಬ್ಬರಲ್ಲೇ ಕೂಡಿದ್ದು ನನಗೆ ಅಲ್ಲಿ ಕಾಣುತ್ತದೆ.

ಧ್ವನಿ:

ನಾನು ಬೆಳಗಿನಿಂದ ನನ್ನದೇ ಹಳೆಯ ವಿಡಿಯೊಗಳನ್ನು ನೋಡಿದೆ. ಜಮೀನಿನ ವಿಷಯದಲ್ಲಿ ನನ್ನ ಬಳಿ ಗುತ್ತಿಗೆಯ ಕರಾರಿನ ಪ್ರತಿ ಇದೆ. ಅದರಲ್ಲಿ ಒಂದು ಅಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಎರಡನೇ ವಿಡಿಯೊದಲ್ಲಿ ಗುತ್ತಿಗೆ ಹಣ ಧರ್ಮಾಧ್ಯಕ್ಷರ ಕಾರಿಗೆ ಹೋಯಿತು ಎಂದಿದ್ದೇನೆ. ಅದನ್ನು ನನಗೆ ಒಬ್ಬರು ಹೇಳಿದ್ದು. ನಾನು ಪರಿಶೀಲಿಸಲಿಲ್ಲ. ಸಿಟ್ಟಿನಲ್ಲಿದ್ದೆ, ನಿಜವಾಗಿರಲಿ ಎಂಬ ಆಸೆಯೂ ಇತ್ತು. ಅತಿ ಹೆಚ್ಚು ಜನ ನೋಡಿದ್ದು ಆ ವಿಡಿಯೊವನ್ನೇ.

ವಕೀಲ ಸರ್, ಲೆಕ್ಕ ಕೇಳಲು ನನಗೆ ನಿಜವಾಗಿ ದಾರಿ ಇದೆಯೇ?

ಶಿವಮೊಗ್ಗದ ವಕೀಲ:

ಇದೆ. ಸಂಹಿತೆಯ 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಸಮಿತಿ ಬೇರೆ, ಇದು ಬೇರೆ. 1287ನೇ ವಿಧಿಯ ಎರಡನೇ ಭಾಗದಂತೆ ವಿಶ್ವಾಸಿಗಳು ಕೊಟ್ಟ ಸ್ವತ್ತಿನ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು. ಹೇಗೆ ಒಪ್ಪಿಸಬೇಕೆಂಬ ಕ್ರಮ ಆಯಾ ಧರ್ಮಪ್ರಾಂತ್ಯದ ನಿಯಮದಲ್ಲಿರುತ್ತದೆ. ಈ ಎರಡು ವಿಧಿಗಳನ್ನೂ ಹೆಸರಿಸಿ ನಾಲ್ಕನೇ ಪತ್ರ ಬರೆಯಿರಿ. ಹಿಂದಿನ ಮೂರರ ಪ್ರತಿಗಳನ್ನು ಲಗತ್ತಿಸಿ, ತಲುಪಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಏನು ಬೇಕು ಎಂಬುದನ್ನು ಸ್ಪಷ್ಟವಾಗಿ, ಒಂದು ಬೇಡಿಕೆಯಾಗಿ ಬರೆಯಬೇಕು. ಲಿಖಿತ ನಿರ್ಣಯ ಕೋರಿ ಕ್ರಮಬದ್ಧವಾಗಿ ಮನವಿ ಸಲ್ಲಿಸಿದ ಸಂದರ್ಭದಲ್ಲಿ ಮೂರು ತಿಂಗಳೊಳಗೆ ಉತ್ತರ ಬಾರದಿದ್ದರೆ 57ನೇ ವಿಧಿಯ ಪ್ರಕಾರ ಅದನ್ನು ನಿರಾಕರಣೆ ಎಂದು ಭಾವಿಸಿ ಮೇಲಿನವರಿಗೆ ಹೋಗಬಹುದು. ಅಂದರೆ ಮೌನವನ್ನೂ ಕಾನೂನು ಒಂದು ಉತ್ತರವಾಗಿ ಎಣಿಸುತ್ತದೆ. ಇದು ಲೆಕ್ಕದ ವಿಷಯಕ್ಕೆ. ಧರ್ಮಾಧ್ಯಕ್ಷರು ದೌರ್ಜನ್ಯ ಎಸಗಿದ್ದರೆ ಅಥವಾ ತನಿಖೆಯನ್ನು ತಡೆದಿದ್ದರೆ ಅದಕ್ಕೆ 2019ರಿಂದ ಬೇರೆ ನಿಯಮವೇ ಇದೆ. ಅಲ್ಲಿ ದೂರನ್ನು ನೇರವಾಗಿ ರೋಮಿಗೆ ಅಥವಾ ದೆಹಲಿಯಲ್ಲಿರುವ ಪೋಪರ ರಾಯಭಾರಿಗೆ ಕಳುಹಿಸಬಹುದು.

ಕರಡು ಬರೆದು ಕಳುಹಿಸಿ, ನೋಡಿಕೊಡುತ್ತೇನೆ. ಒಬ್ಬರ ಸಹಿ ಇದ್ದರೆ ಅದು ವೈಯಕ್ತಿಕ ಜಗಳದಂತೆ ಕಾಣುತ್ತದೆ. ನಿಮ್ಮ ಧರ್ಮಕೇಂದ್ರದ ಹತ್ತು ಮನೆಗಳ ಸಹಿ ಇರಲಿ.

ಉಪದೇಶಿ:

ತಮ್ಮಾ, ನಿಮ್ಮ ಊರು ಯಾವುದೆಂದು ಕೇಳುವುದಿಲ್ಲ. ನಮ್ಮ ಧರ್ಮಪ್ರಾಂತ್ಯವೇ ಆಗಿದ್ದರೆ ನನಗೆ ತಿಳಿಸಿ, ಪತ್ರವನ್ನು ಕೊಡಲು ನಿಮ್ಮ ಜೊತೆ ನಾನೂ ಬರುತ್ತೇನೆ. ಇಬ್ಬರು ಮೂವರನ್ನು ಕರೆದುಕೊಂಡು ಹೋಗು ಎಂದಿದೆಯಲ್ಲ.

ಧ್ವನಿ:

ಧನ್ಯವಾದ, ಮಾಸ್ಟರ್. ಕರಡನ್ನು ಇಂದು ರಾತ್ರಿ ಬರೆಯುತ್ತೇನೆ. ಕಾರಿನ ವಿಡಿಯೊವನ್ನು ತೆಗೆದುಬಿಡಲೇ?

ಹಾರೋಬೆಲೆಯ ಮಗಳು:

ಬರೀ ತೆಗೆದರೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಕಚೇರಿಯವರು ಹೆದರಿಸಿ ತೆಗೆಸಿದರು ಎಂದುಕೊಳ್ಳುತ್ತಾರೆ. ಅದನ್ನು ತೆಗೆಯಿರಿ, ಆದರೆ ಅದೇ ವಾಹಿನಿಯಲ್ಲಿ ನಿಮ್ಮ ಮುಖ ತೋರಿಸಿ, ಕಾರಿನ ಮಾತನ್ನು ನಾನು ಪರಿಶೀಲಿಸದೆ ಹೇಳಿದೆ, ಅದು ತಪ್ಪು, ಜಮೀನಿನ ಲೆಕ್ಕ ಕೇಳುವುದನ್ನು ಮಾತ್ರ ಬಿಡುವುದಿಲ್ಲ ಎಂದು ಹೇಳಿ. ಮೊದಲ ವಿಡಿಯೊವನ್ನು ಹಂಚಿದ ಗುಂಪುಗಳಿಗೆಲ್ಲ ಇದನ್ನೂ ಕಳುಹಿಸಿ. ಭಾನುವಾರದ ಪೂಜೆಗೆ ಮೊದಲೇ ಕಳುಹಿಸಿ. ಅಂದು ಜನ ಒಬ್ಬರಿಗೊಬ್ಬರು ಸಿಗುತ್ತಾರೆ.